ಒಂದೇ ಕೈಯ ಗವಸು

ಮಗಳು ಅಪ್ಪನ ಮಂಚದಡಿ ಅರ್ಧ ಮೈ ತೂರಿಸಿ ಸಿಗರೇಟಿನ ಪ್ಯಾಕಿಗಾಗಿ ತಡಕಾಡುತ್ತಿದ್ದಳು. ಅಪ್ಪ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಅವನನ್ನು ಒಯ್ಯುವ ಗಾಡಿ ಬರುವುದರೊಳಗೆ ಅವಳಿಗೆ ಒಂದು ವಿಷಯ ಗೊತ್ತಾಗಬೇಕಿತ್ತು: ಅಪ್ಪ ಕೊಟ್ಟ ಮಾತು ಮುರಿದಿದ್ದನೋ ಇಲ್ಲವೋ. ನಗುವವರು ನಗಲಿ. ಅನುಮಾನ ಇಟ್ಟುಕೊಂಡು ಅಳುವುದು ಅವಳಿಂದ ಆಗುತ್ತಿರಲಿಲ್ಲ.

ಬಾಗಿಲಲ್ಲಿ ಅತ್ತೆ, ಅಪ್ಪನ ತಂಗಿ, ಬಂದು ನಿಂತಳು.

"ಏನೇ ಇದು, ಇಂಥ ಹೊತ್ತಲ್ಲಿ ಮಂಚದಡಿ ನುಗ್ಗಿದೀಯ?"

"ಅಪ್ಪ ಸೇದ್ತಿದ್ನೋ ಇಲ್ವೋ ನೋಡ್ತಿದೀನಿ ಅತ್ತೆ."

"ಸೇದಿದ್ದ ಅಂತಲೇ ಇಟ್ಕೋ. ಈಗ ಎಬ್ಬಿಸಿ ಬೈತೀಯಾ?"

*

ಅಪ್ಪ ಲೈನ್‌ಮನ್. ಆಯುಷ್ಯವೆಲ್ಲ ಕರೆಂಟಿನ ಕಂಬ ಹತ್ತಿ ಇಳಿದವನು. "ಹನ್ನೊಂದು ಸಾವಿರ ವೋಲ್ಟಿನ ಜೊತೆ ಸಂಸಾರ ಮಾಡಿದವನು ನಾನು" ಎಂದು ಮೀಸೆ ತಿರುವುತ್ತಿದ್ದ. ಕಂಬ ಇಳಿದು ಒಂದು ಸಿಗರೇಟು ಸೇದದಿದ್ದರೆ ಕೆಲಸ ಮುಗಿದಂತೆಯೇ ಅಲ್ಲ ಎಂಬುದು ಅವನ ಲೆಕ್ಕ. ನಿವೃತ್ತಿಯಾದ ಮೇಲೆ ಎದೆ ಕೈಕೊಟ್ಟಿತು. ಆಸ್ಪತ್ರೆಯ ಹಾಸಿಗೆಯಲ್ಲೇ, ಇನ್ನು ಮುಟ್ಟುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟ.

ಈಚೆಗೆ ಕೋಣೆಯ ಚಿಲಕ ಹಾಕಿಕೊಳ್ಳತೊಡಗಿದ. ಒಳಗಿಂದ ಸುಟ್ಟ ವಾಸನೆ. ಅಂಗಿಯಲ್ಲಿ ತೂತು, ಬೆರಳಲ್ಲಿ ಬೊಬ್ಬೆ.

"ಸೇದಿಲ್ಲ ಕಣೆ" ಎಂದನೇ ಹೊರತು ಮತ್ತೇನೆಂದು ಬಾಯಿ ಬಿಡಲಿಲ್ಲ.

"ಬೆಂಕಿ ಇಲ್ದೆ ಹೊಗೆ ಆಡುತ್ತೇನಪ್ಪಾ?"

ಅಂದಿನಿಂದ ಅವಳು ಮಾತು ಬಿಟ್ಟಳು. ಊಟಕ್ಕೆ ಕರೆಯುವುದಿದ್ದರೂ ಅಮ್ಮನ ಮೂಲಕವೇ. ಸೋತು ತಾನೇ ಬರಲಿ ಎಂದು ಅವಳು ಕಾದಳು. ಅಪ್ಪ ನಿದ್ದೆಯಲ್ಲೇ ಹೋಗಿಬಿಟ್ಟ.

*

ಗೋಡೆಯ ಮೂಲೆಗೆ ಒತ್ತಿಟ್ಟಿದ್ದ ಬಿಸ್ಕತ್ತಿನ ಡಬ್ಬಿ ಕೈಗೆ ಸಿಕ್ಕಿತು. ಒಳಗೆ ಸಿಗರೇಟಿಲ್ಲ, ಉಣ್ಣೆಯ ಗವಸು. ಒಂದೇ, ಎಡಗೈಯದು. ಅದರ ಅಸ್ತರಿನೊಳಗೆ ಅಂಕುಡೊಂಕಾಗಿ ಸಣ್ಣ ತಂತಿ ಹೊಲಿದಿತ್ತು. ಮಣಿಕಟ್ಟಿನ ಹತ್ತಿರ ಎರಡು ಸೆಲ್ಲು, ಒಂದು ಪುಟ್ಟ ಸ್ವಿಚ್ಚು. ಡಬ್ಬಿಯ ತಳದಲ್ಲಿ ಕರಕಲಾದ ಬಟ್ಟೆಯ ಚೂರುಗಳು. ಇದೆಂಥ ಆಟದ ಸಾಮಾನು?

ಗವಸು ಹಿಡಿದು ನಡುಮನೆಗೆ ಬಂದಳು. ಅಪ್ಪನ ಗೆಳೆಯ, ರೇಡಿಯೊ ರಿಪೇರಿಯವನು, ಕುರ್ಚಿಯಿಂದ ಎದ್ದ.

"ಸಿಕ್ತಾ? ಅದು ನಿಂದೇ ಕಣಮ್ಮ."

"ನಂದಾ?"

"ಕೋಲ್ಡ್ ಸ್ಟೋರೇಜಲ್ಲಿ ಪೆಟ್ಟಿಗೆ ಎತ್ತಿ ಎತ್ತಿ ನಿನ್ನ ಬೆರಳು ಮರಗಟ್ತಿತ್ತಲ್ಲ, ಅದಕ್ಕೆ. ಹಳೇ ಇಸ್ತ್ರಿಪೆಟ್ಟಿಗೆ ಬಿಚ್ಚಿ ತಂತಿ ತೆಗೆದ. ಉದ್ದ ಬಿಟ್ರೆ ತಣ್ಣಗೆ ಕೂರುತ್ತೆ, ಗಿಡ್ಡ ಮಾಡಿದ್ರೆ ಬಟ್ಟೆ ಸುಡುತ್ತೆ. ತನ್ನ ಕೈಗೇ ಹಾಕ್ಕೊಂಡು ನೋಡ್ತಿದ್ದ, ಪುಣ್ಯಾತ್ಮ."

"ಅಷ್ಟು ಬೈದೆ ನಾನು. ಆಗಲಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿಬಿಡೋ ಅಂದೆ. 'ಆನೆ ಪಳಗಿಸಿದವನು ಎರಡು ಸೆಲ್ಲಿನ ಇಲಿಗೆ ಸೋತೆ ಅಂತ ಮಗಳ ಹತ್ರ ಹೇಳ್ಲಾ? ಸರಿಯಾದ ದಿನ ಕೈಗೇ ತೊಡಿಸ್ತೀನಿ' ಅಂದ. ಮೊನ್ನೆ ಸರಿಯಾಯ್ತು. ಬಲಗೈದೂ ಮುಗಿಸಿ ಜೋಡಿ ಕೊಡ್ತೀನಿ ಅಂತ ಮತ್ತೆ ಕೂತ."

ಅವಳು ಗವಸು ತೊಟ್ಟಳು. ಅಳತೆ ಸರಿಯಾಗಿತ್ತು. ಸ್ವಿಚ್ಚು ಒತ್ತಿದಳು. ಮೊದಲು ಏನೂ ಇಲ್ಲ. ಆಮೇಲೆ ಅಂಗೈಯಿಂದ ಬೆರಳುಗಳ ಕಡೆಗೆ ಮೆಲ್ಲಗೆ ಬಿಸಿ ಹತ್ತಿತು. ಸುಡಲಿಲ್ಲ. ಹದವಾಗಿತ್ತು. ಅವಳು ಅಪ್ಪನ ಪಕ್ಕ ಕುಸಿದು, ಅವನ ಕೈಯನ್ನು ಆ ಗವಸಿನೊಳಗಿನ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಸೇದಿಲ್ಲ ಅಂದಿದ್ಯಲ್ಲಪ್ಪಾ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಯಾರೂ ಅವಳನ್ನು ಎಬ್ಬಿಸಲು ಹೋಗಲಿಲ್ಲ.

ಗಾಡಿ ಬಂತು. ಹೊರುವವರು ಒಳಗೆ ಬಂದಾಗ ಅವಳು ಅಪ್ಪನ ಕೈ ಬಿಟ್ಟು ಪಕ್ಕಕ್ಕೆ ಸರಿದಳು. ಕೊನೆಯ ಸಲ ನೋಡಲೆಂದು ಒಳಕೋಣೆಯಿಂದ ಅಮ್ಮನನ್ನು ಕರೆತಂದರು. ಅಮ್ಮ ಬಗ್ಗಿ ಗಂಡನ ಕೈ ಹಿಡಿದವಳು ಚೀರಿದಳು.

"ಇರಿ! ಎತ್ಬೇಡಿ! ಕೈ ಬೆಚ್ಚಗಿದೆ! ಬನ್ನಿ, ಮುಟ್ಟಿ ನೋಡಿ, ಇವರ ಕೈ ಬೆಚ್ಚಗಿದೆ!"

ಅತ್ತೆ ಓಡಿಬಂದು ಅಣ್ಣನ ಮೂಗಿನ ಬಳಿ ಬೆರಳಿಟ್ಟಳು. ಹೊರುವವರು ಒಬ್ಬರ ಮುಖ ಒಬ್ಬರು ನೋಡಿದರು. "ಇದರ ಬಿಸಿ ಅಮ್ಮಾ, ಅಪ್ಪ ನಂಗೆ ಮಾಡಿದ್ದು" ಎಂದು ಮಗಳು ಗವಸಿನ ಕೈಯನ್ನು ಅಮ್ಮನ ಮುಂದೆ ಚಾಚಿದಳು.

ಅಮ್ಮ ಅದನ್ನು ಮುಟ್ಟಿದಳು. ಮಗಳ ಮುಖ ನೋಡಿದಳು. ಮತ್ತೆ ಮುಟ್ಟಿದಳು. ಹೊರುವವರು ಅವನನ್ನು ಎತ್ತಿಕೊಂಡು ಹೊಸಿಲು ದಾಟುವಾಗಲೂ ಅಮ್ಮ ತಲೆ ಎತ್ತಲಿಲ್ಲ. ಆ ಗವಸಿನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು, ಕೆನ್ನೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದಳು.