ಎರಡನೆಯ ಬಾಯಿ

ನಮ್ಮ ಅಜ್ಜಿಯ ಕಥೆಗಳಲ್ಲಿ ಕೆಟ್ಟದ್ದೆಲ್ಲ ಕಾಲುವೆಯ ಆಚೆಯಿಂದಲೇ ಬರುತ್ತಿತ್ತು. ಬೆಂಕಿ ಉಗುಳುವ ರಾಕ್ಷಸನಿರಲಿ, ಮಕ್ಕಳನ್ನು ಕದಿಯುವ ಮುದುಕಿಯಿರಲಿ, ಅವರ ಮನೆ ಆಚೆ ಬೀದಿಯಲ್ಲೇ. ಅಂಗಡಿಯವರು ಕಳಿಸುವ ಅಂಗಿಗಳಿಗೆ ಗುಂಡಿ ಹೊಲಿಯುತ್ತ ನಾನು ಆ ಕಥೆಗಳಿಗೆ ಹೂಂಗುಟ್ಟಿಯೇ ಬೆಳೆದವಳು. ಇಪ್ಪತ್ತೆರಡು ತುಂಬಿದರೂ ಸೂಜಿ ಕೈಯಲ್ಲಿ, ಮನಸ್ಸು ಏಳು ಸಮುದ್ರದಾಚೆ.

ಆಚೆ ಬೀದಿಯವರ ದೇವರು ಬೇರೆ, ಮೈಬಣ್ಣವೂ ತುಸು ಬೇರೆ. ಅಷ್ಟಕ್ಕೇ ನಮ್ಮ ಹಿರಿಯರು ಒಂದು ಕಟ್ಟಳೆ ಮಾಡಿಟ್ಟಿದ್ದರು. ಅವರು ಬಂದು ಏನೇ ಹೇಳಿದರೂ ಓಗೊಡಬಾರದು. ಅದೇ ಮಾತನ್ನು ನಮ್ಮವರೊಬ್ಬರು ಮತ್ತೆ ಹೇಳಿದ ಮೇಲಷ್ಟೇ ಅದು ಮಾತು. ಇದಕ್ಕೆ ‘ಎರಡನೆಯ ಬಾಯಿ’ ಎಂದು ಹೆಸರು. ಹಿಂದೊಮ್ಮೆ ಆಚೆಯವನೊಬ್ಬ ‘ಬೆಂಕಿ ಬೆಂಕಿ’ ಎಂದು ಕೂಗಿದನಂತೆ, ನಮ್ಮವರೆಲ್ಲ ಬಯಲಿಗೆ ಓಡಿದರಂತೆ, ತಿರುಗಿ ಬರುವಷ್ಟರಲ್ಲಿ ಮನೆಗಳು ಬರಿದಾಗಿದ್ದವಂತೆ. ಯಾವ ವರ್ಷ, ಯಾರ ಮನೆ ಎಂದು ಕೇಳಿದರೆ ಅಜ್ಜಿ, “ಕಥೆಗೆ ಕಾಲಿಲ್ಲ ಅಂತಾರೆ, ನೀನು ಚಪ್ಪಲಿ ಅಳತೆ ಕೇಳ್ತೀಯಲ್ಲೇ!” ಎನ್ನುತ್ತಿದ್ದಳು.

ಹೋದ ವರ್ಷ ಎರಡೂ ಬೀದಿಯ ಹತ್ತಾರು ಹುಡುಗ ಹುಡುಗಿಯರು ಸೇರಿ ಒಂದು ಕೂಟ ಕಟ್ಟಿದರು. ಲಸಿಕೆ, ಜ್ವರ, ನೀರು, ಯಾವ ಸುದ್ದಿಯಿದ್ದರೂ ಈಚೆಯವರೊಬ್ಬರು ಆಚೆಯವರೊಬ್ಬರು ಜೋಡಿಯಾಗಿ ಮನೆ ಮನೆಗೆ ಹೋಗುವುದು. ನಮ್ಮ ಮನೆಗೆ ಬರುತ್ತಿದ್ದವಳು ಆಚೆ ಬೀದಿಯ, ನರ್ಸಿಂಗ್ ಓದುತ್ತಿದ್ದ ಹುಡುಗಿ. ಹತ್ತೊಂಬತ್ತು ವರ್ಷದ ಅವಳನ್ನು ಎಲ್ಲರೂ ನರ್ಸಮ್ಮ ಎಂದೇ ಕರೆಯುತ್ತಿದ್ದರು. ಜೊತೆಗೆ ನಮ್ಮ ಬೀದಿಯ ಸೈಕಲ್ ರಿಪೇರಿಯವನ ಮಗ. ಅವಳು “ಮಗೂಗೆ ನಾಳೆ ಲಸಿಕೆ” ಎನ್ನುವಳು. ಅಜ್ಜಿ ಗೋಡೆ ನೋಡುವಳು. ಅವನು “ಮಗೂಗೆ ನಾಳೆ ಲಸಿಕೆ” ಎನ್ನುವನು. ಅಜ್ಜಿ ತಲೆಯಾಡಿಸುವಳು. ಅವನಿಗೆ ‘ಗಿಳಿ’ ಎಂಬ ಹೆಸರು ಬಿದ್ದದ್ದು ಹೀಗೆ.

ಒಂದು ದಿನ ನಮ್ಮ ಅತ್ತಿಗೆ ನಕ್ಕೇಬಿಟ್ಟಳು. “ಅವಳು ಹೇಳಿದ್ದನ್ನೇ ಅಲ್ವಾ ಇವನು ಹೇಳೋದು? ಮೊದಲ ಸಲಾನೇ ಕೇಳಿಸ್ಕೊಂಡ್ರೆ ಕಿವಿ ಸವೆಯುತ್ತಾ ಅಜ್ಜಿ?”

“ನಿನ್ನ ಕಿವಿ ಹೊಸದು ಕಣೇ. ನಮ್ಮದು ಸುಟ್ಟುಕೊಂಡ ಕಿವಿ.”

“ನನಗಂತೂ ಲಾಭ. ಓದದೇನೇ ಅರ್ಧ ಡಾಕ್ಟರ್ ಆದೆ,” ಎಂದ ಗಿಳಿ.

“ಇರಲಿ ಬಿಡಿ ಅಕ್ಕಾ,” ಎಂದಳು ನರ್ಸಮ್ಮ. “ಮದ್ದು ಹೊಟ್ಟೆಗೆ ಹೋದ್ರೆ ಸಾಕು.”

“ಇವನು ಇಲ್ಲದ ದಿನ ಏನ್ಮಾಡ್ತೀಯಮ್ಮ?” ಎಂದು ಅತ್ತಿಗೆ ಕೇಳಿದಳು. ನಾನು ಹಲ್ಲಿನಿಂದ ದಾರ ಕಡಿಯುತ್ತಿದ್ದೆ.

ಬೇಸಗೆಯ ಒಂದು ಮಂಗಳವಾರ. ಅಣ್ಣ ಲಾರಿಯ ಮೇಲೆ ದೂರ ಹೋಗಿದ್ದ. ಅತ್ತಿಗೆ ಗಾರ್ಮೆಂಟ್ಸಿನಲ್ಲಿ ಇಸ್ತ್ರಿ ಮೇಜಿನ ಮುಂದೆ. ಮನೆಯಲ್ಲಿ ಅಜ್ಜಿ, ನಾನು, ಅಣ್ಣನ ಮಗಳು ಪುಟ್ಟಿ. ನಾಲ್ಕು ವರ್ಷದ ಅವಳು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, ಕಥೆಯ ರಾಜಕುಮಾರಿ ಮೂಗು ಯಾಕೆ ಒರೆಸಿಕೊಳ್ಳಲಿಲ್ಲ ಎಂದು ತಕರಾರು ತೆಗೆದಿದ್ದಳು. ಆಗ ಯಾರೋ ಬಾಗಿಲು ಬಡಿದರು.

“ಅಕ್ಕಾ! ನಾನು, ನರ್ಸು! ಬಾಗಿಲು ತೆಗೀರಿ!”

ನಾನು ಎದ್ದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. “ಗಿಳಿ ಎಲ್ಲಿ? ಒಂದೇ ಬಾಯಿ ಬಂದಿದೆ,” ಎಂದು ಪಿಸುಗುಟ್ಟಿದಳು.

“ಗಿಳಿಗೆ ವಾಂತಿ ಭೇದಿ ಅಕ್ಕಾ, ಆಸ್ಪತ್ರೆಗೆ ಸೇರಿಸಿದ್ದೀವಿ. ನಿಮ್ಮ ಬೀದಿ ತೊಟ್ಟಿ ಹತ್ರ ಪೈಪ್ ಒಡೆದು ಕೊಳಚೆ ಸೇರಿದೆ. ಕುದಿಸದೆ ಕುಡೀಬೇಡಿ! ಕೇಳಿಸಿದ್ರೆ ‘ಹೂಂ’ ಅನ್ನಿ, ಅಷ್ಟು ಸಾಕು!”

“ಉಸಿರೆತ್ತಬೇಡ,” ಎಂದಳು ಅಜ್ಜಿ. “ನಮ್ಮ ನೀರು ಬಿಡಿಸಿ ತಮ್ಮ ತೊಟ್ಟಿಗೆ ಕರೀತಾರೆ. ನಮ್ಮವರು ಬಂದು ಹೇಳಲಿ.”

ನರ್ಸಮ್ಮ ಮೂರು ಸಲ ಕೂಗಿದಳು. ಅಜ್ಜಿಯ ಕಥೆಗೆ ಸಾವಿರ ಸಲ ಹೂಂಗುಟ್ಟಿದ ನನ್ನ ಗಂಟಲಿನಿಂದ ಆ ಒಂದು ‘ಹೂಂ’ ಹೊರಡಲಿಲ್ಲ. ಚಪ್ಪಲಿಯ ಸದ್ದು ಪಕ್ಕದ ಮನೆಗೆ ಹೋಯಿತು. ಅಲ್ಲಿಯೂ ಬಾಗಿಲು ತೆರೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಪುಟ್ಟಿ ನೀರು ಕೇಳಿದಳು. ಕುದಿಸೋಣವೇ ಎಂದು ನನಗೆ ಅನ್ನಿಸದೆ ಇರಲಿಲ್ಲ. ಆದರೆ ಒಲೆ ಹಚ್ಚಿದರೆ ನಾನು ನರ್ಸಮ್ಮನ ಮಾತು ನಂಬಿದೆ ಎಂದು ಅಜ್ಜಿಗೆ ತಿಳಿಯುತ್ತಿತ್ತು. ಕೊಡದಿಂದ ಲೋಟಕ್ಕೆ ಬಗ್ಗಿಸಿದೆ. ನನ್ನ ಕೈಯಾರೆ ಕೊಟ್ಟೆ. ಪುಟ್ಟಿ ಗಟಗಟ ಕುಡಿದು, ಮೀಸೆಯಂತೆ ಅಂಟಿದ ನೀರನ್ನು ನನ್ನ ಸೆರಗಿಗೆ ಒರೆಸಿದಳು. ಅಜ್ಜಿಯೂ ಕುಡಿದಳು, ನಾನೂ ಕುಡಿದೆ. ನಮಗೆ ಬಂದದ್ದು ಬರಿಯ ಹೊಟ್ಟೆನೋವು.

ಮರುದಿನ ಬೆಳಿಗ್ಗೆ ಪುಟ್ಟಿಗೆ ವಾಂತಿ ಭೇದಿ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣು ಗುಳಿಬಿದ್ದು, ಅಳಲು ನೀರೇ ಉಳಿದಿರಲಿಲ್ಲ. ಅತ್ತಿಗೆ ಅವಳನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು. ಹಿಂದೆಯೇ ಅಜ್ಜಿ, ನಾನು. ಅಲ್ಲಿ ಸೂಜಿ ಚುಚ್ಚಲು ನರ ಸಿಗಲಿಲ್ಲ. ಅಲ್ಲೇ ತರಬೇತಿಯಲ್ಲಿದ್ದ ನರ್ಸಮ್ಮ ಆ ಪುಟ್ಟ ಪಾದವನ್ನು ಉಜ್ಜುತ್ತ, ನರ ಹುಡುಕುತ್ತ ಮಂಡಿಯೂರಿ ಕುಳಿತಿದ್ದಳು. ಮೂರು ಗಂಟೆಗೆ ಅವಳು ಉಜ್ಜುವುದನ್ನು ನಿಲ್ಲಿಸಿದಳು.

ಆ ಪಾದಗಳಿಗೆ ತನ್ನ ಸೆರಗು ಹೊದಿಸಿ ಅತ್ತಿಗೆ ಕೇಳಿದಳು. “ನಿನ್ನೆ ನೀನು ನಮ್ಮ ಮನೆಗೆ ಬರಲಿಲ್ವಾ ತಾಯಿ?”

ನರ್ಸಮ್ಮ ನನ್ನ ಮುಖ ನೋಡಿದಳು. “ನನಗೆ... ತಡವಾಯ್ತು ಅಕ್ಕಾ,” ಎಂದಳು.

ಆ ಸುಳ್ಳಿನ ನೆರಳಲ್ಲಿ ನಾನು ಬದುಕಿಬಿಡಬಹುದಿತ್ತು.

“ಬಂದಿದ್ದಳು ಅತ್ತಿಗೆ,” ಎಂದೆ. “ಮೂರು ಸಲ ಕೂಗಿದಳು. ಎಲ್ಲ ಹೇಳಿದಳು.”

“ಕೇಳಿಸ್ತಾ?”

“ಕೇಳಿಸ್ತು.”

ಅತ್ತಿಗೆ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಅಜ್ಜಿ ಮಾತ್ರ ಗೋಡೆಗೊರಗಿ, “ನಮ್ಮವರು ಯಾರಾದ್ರೂ ಬಂದು ಹೇಳಿದ್ದಿದ್ರೆ...” ಎಂದು ಗೊಣಗಿದಳು.

“ನಮ್ಮವರು ಅಂದ್ರೆ ಯಾರು ಅಜ್ಜಿ?” ಎಂದಳು ಅತ್ತಿಗೆ. “ಆ ಬಿಸಿಲಲ್ಲಿ ಬಂದು ಬಾಗಿಲು ಬಡಿದವಳಾ? ಒಳಗೆ ಕೂತವರಾ?”

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಂದಿನಿಂದ ಅವಳು ಕಥೆ ಹೇಳಿಲ್ಲ.

ಇಷ್ಟಾದರೂ ನಮ್ಮ ಬೀದಿಯ ಹಿರಿಯರು ‘ಬಿಸಿಲಿನ ಝಳ’ ಎಂದರು. ಕೊಡಗಳು ಅದೇ ತೊಟ್ಟಿಯಲ್ಲಿ ತುಂಬುತ್ತಿದ್ದವು. ಕೂಟದ ನಮ್ಮ ಬೀದಿಯ ಹುಡುಗರಲ್ಲಿ ಅರ್ಧ ಜನ ಹಾಸಿಗೆ ಹಿಡಿದಿದ್ದರು, ಮಿಕ್ಕವರನ್ನು ಮನೆಯವರು ಹೊರಗೆ ಬಿಡುತ್ತಿರಲಿಲ್ಲ. ಪುಟ್ಟಿ ಹೋದ ನಾಲ್ಕನೆಯ ದಿನ ನರ್ಸಮ್ಮ ಬಂದು, “ನೀವಾದ್ರೂ ನನ್ನ ಜೊತೆ ಬರ್ತೀರಾ ಅಕ್ಕಾ?” ಎಂದಳು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮೊದಲ ಮನೆ ಗಡಿಯಾರ ರಿಪೇರಿಯ ತಾತನದು. ನರ್ಸಮ್ಮ ನೀರಿನ ವಿಷಯವನ್ನು ಬಿಡಿಸಿ ಹೇಳಿದಳು. ತಾತ ಭೂತಗನ್ನಡಿ ಕಣ್ಣಿಂದ ತೆಗೆದು ನನ್ನತ್ತ ತಿರುಗಿದ. “ಏನಂತೆ? ನೀನು ಹೇಳಮ್ಮ.”

ಮಾತು ನಾಲಗೆಯ ತುದಿಗೆ ಬಂದಿತ್ತು. ಅವನ ಬೆನ್ನ ಹಿಂದಿನಿಂದ ಎರಡು ಮೊಮ್ಮಕ್ಕಳು ಇಣುಕುತ್ತಿದ್ದವು. ಹೇಳಿಬಿಟ್ಟರೆ ಈ ಮಕ್ಕಳು ಇವತ್ತು ಉಳಿಯುತ್ತವೆ. ಕಟ್ಟಳೆಯೂ ಉಳಿಯುತ್ತದೆ, ಇನ್ನೊಂದು ದಿನ ಇನ್ನೊಂದು ಮಗುವಿಗೆ ಕಾದುಕೊಂಡು.

“ನಾನು ಹೇಳಲ್ಲ ತಾತ,” ಎಂದೆ. “ಇವಳು ಹೇಳಿದ್ದು ನಿಮಗೆ ಕೇಳಿಸಿದೆ. ನನಗೂ ಕೇಳಿಸಿತ್ತು. ಕೇಳಿಸಿಯೂ ನಮ್ಮ ಪುಟ್ಟಿಗೆ ಆ ನೀರನ್ನ ನಾನೇ ಕುಡಿಸಿದೆ.”

ಮೇಜಿನ ಮೇಲಿನ ಗಡಿಯಾರಗಳು ಒಂದೊಂದು ಒಂದೊಂದು ಹೊತ್ತು ತೋರಿಸುತ್ತ ಟಿಕ್ಕೆನ್ನುತ್ತಿದ್ದವು. ತಾತ ಮೊಮ್ಮಕ್ಕಳನ್ನು ನೋಡಿದ. ಮೂಲೆಯ ಕೊಡವನ್ನು ನೋಡಿದ. ಆಮೇಲೆ, ಎಪ್ಪತ್ತು ವರ್ಷದಲ್ಲಿ ಮೊದಲ ಸಲವೇನೋ, ಆಚೆ ಬೀದಿಯವರ ಮುಖವನ್ನು ನೇರವಾಗಿ ನೋಡಿ ಅವಳನ್ನೇ ಕೇಳಿದ:

“ಎಷ್ಟು ಹೊತ್ತು ಕುದಿಸ್ಬೇಕಮ್ಮ?”