ಮೊದಲ ಗುಟುಕು ಹುಯ್ದೋರದು

ನಮ್ಮ ನೆಲ್ಬಾ ದೊಡ್ಡಮ್ಮನ ಎಡಗಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು ಹುಟ್ಟುವಾಗಲೇ ಅಂಟ್ಕೊಂಡು ಬಂದಿತ್ತೇನೋ ಅನ್ಸುತ್ತೆ. ಮೊಂಟೆವಿಡಿಯೊದಲ್ಲಿ ಎಲ್ರೂ ಹಾಗೇ ಓಡಾಡ್ತಾರೆ, ಒಪ್ಪಿದೆ. ಆದ್ರೆ ಫ್ಲಾಸ್ಕು ಜಾರದ ಹಾಗೆ ಅದೇ ಕೈಯಲ್ಲಿ ಮಾಟೆ ಅನ್ನೋ ಸೊಪ್ಪಿನ ಕಷಾಯದ ಸೋರೆಬುರುಡೆ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಮೀನು ಆರಿಸಿ, ಚೌಕಾಸಿ ಮಾಡಿ, ಅಡ್ಡ ಬಂದ ನಾಯಿನ ಗದರಿಸಿ, ಒಂದು ಹನಿ ಚೆಲ್ಲದೆ ರಸ್ತೆ ದಾಟೋದು ಅವಳೊಬ್ಬಳಿಗೇ ಬರ್ತಿತ್ತು. ಇಪ್ಪತ್ತೆಂಟು ವರ್ಷ ಸಿಟಿ ಬಸ್ಸಲ್ಲಿ ಕಂಡಕ್ಟರು. ಗಟ್ಟಿ ನೆಲದ ಮೇಲೂ ತೂಗಾಡ್ಕೊಂಡೇ ನಡೀತಿದ್ಲು. ಕಂಪನಿ ಕೊಟ್ಟ ನೀಲಿ ಕೋಟಲ್ಲಿ ಮೂರನೇ ಗುಂಡಿ ಇರ್ಲಿಲ್ಲ. ಹೊಲ್ಕೊಡ್ತೀನಿ ಅಂದ್ರೆ, "ಬೇಡ, ನೂಕಾಟದಲ್ಲಿ ಕಿತ್ಕೊಂಡು ಹೋದೋನೇ ಬಂದು ಹೊಲೀಲಿ" ಅಂತ ಹಟ. ಮದುವೆ ಮನೇಲಿ, ಸಾವಿನ ಮನೇಲಿ, ಎಲ್ಲಿ ಜನ ಬಾಗಿಲಿಗೆ ಅಡ್ಡ ನಿಂತ್ರೂ ಬಾಯಿಂದ ತಾನಾಗೇ ಬರ್ತಿತ್ತು: "ಒಂದ್ಹೆಜ್ಜೆ ಒಳಗೆ ಸರೀರಪ್ಪಾ, ಜಾಗ ಇದೆ!"

ಮಾಟೆ ಕುಡಿಯೋಕೆ ನಮ್ಮಲ್ಲೊಂದು ರೀತಿ ಇದೆ. ಒಂದೇ ಬುರುಡೆ, ಒಂದೇ ಕೊಳವೆ, ಹುಯ್ಯೋರು ಒಬ್ರೇ. ಸೊಪ್ಪಿನ ಪುಡಿ ಮೇಲೆ ನೀರು ಬಿದ್ದ ಮೊದಲ ಗುಟುಕು ಕೆಟ್ಟ ಕಹಿ. ಅದನ್ನ ಹುಯ್ದೋರೇ ಕುಡೀಬೇಕು, ಇನ್ನೊಬ್ರಿಗೆ ಕೊಟ್ರೆ ಅವಮಾನ. ರುಚಿ ಶುರುವಾಗೋದು ಎರಡನೇದರಿಂದ. ದೊಡ್ಡಮ್ಮನ ಮನೇಲಿ ಮೂವತ್ತಾರು ವರ್ಷ ಹುಯ್ದೋಳು ನೆಲ್ಬಾನೇ. ಎರಡನೇದಕ್ಕೆ ಕೈ ಚಾಚ್ತಿದ್ದೋನು ಅವಳ ಗಂಡ ವಿಲ್ಮಾರ್, ಅದೂ ರೇಡಿಯೋ ಕಡೆಯಿಂದ ಮುಖ ತಿರುಗಿಸದೆ.

ವಿಲ್ಮಾರ್ ದೊಡ್ಡಪ್ಪ ಕೆಟ್ಟೋನಲ್ಲ. ಬಂದರಿನ ಗೋದಾಮಲ್ಲಿ ಗುಮಾಸ್ತ. ಹೊಡೀಲಿಲ್ಲ, ಕುಡೀಲಿಲ್ಲ, ಇನ್ನೊಬ್ಬಳ ಕಡೆ ನೋಡ್ಲಿಲ್ಲ. ಒಂದು ಭಾನುವಾರ ಮಾಂಸ ಸುಡೋ ಒಲೆ ಸುತ್ತ ಮನೆಮಂದಿಯೆಲ್ಲ ಕೂತಿದ್ದಾಗ ಅಂದ:

"ಮಾರ್ಚಿಗೆ ನಾನು ರಿಟೈರು. ಇವಳೂ ಕೆಲಸ ಬಿಡ್ತಾಳೆ. ದೂರದ ಟಕ್ವರೆಂಬೊ ಊರಲ್ಲಿ ನಮ್ಮಮ್ಮನ ಮನೆಗೆ ಸುಣ್ಣ ಹೊಡೆಸ್ತಿದೀನಿ. ಅಲ್ಲೇ ಕೋಳಿ ಸಾಕ್ಕೊಂಡು ಇರ್ತೀವಿ. ಅಲ್ವೇನೇ ಮುದುಕಿ?"

ಅವಳು ಮೊದಲನೇದನ್ನ ಕುಡಿದು ಮುಗಿಸಿದ್ಲು. "ಕೋಳಿಗಳ ಜೊತೆ ಚೆನ್ನಾಗಿರ್ತೀಯ ವಿಲ್ಮಾರ್. ನಾನು ಬರಲ್ಲ."

"ಇಲ್ಲೇನ್ ಮಾಡ್ತೀಯ?"

"ಇರ್ತೀನಿ."

ಎಲ್ರೂ ನಕ್ರು. ಆ ವಾರದೊಳಗೇ ಅವಳು ಸಮುದ್ರದ ದಿಕ್ಕಿಗೆ ಕಿಟಕಿ ಇರೋ ಒಂದು ಕೋಣೆ ಬಾಡಿಗೆಗೆ ಹಿಡಿದು, ಕೋರ್ಟಿಗೂ ಹೋಗಿ ಬಂದ್ಲು.

ಗಂಡ ಬೇಡ ಅಂತ ಹೆಂಗಸು ಅಂದ್ರೆ ಸಾಕು, ಡೈವೋರ್ಸು ಸಿಗುತ್ತೆ, ಕಾರಣ ಕೇಳಲ್ಲ, ಅದು ನಮ್ಮ ದೇಶದ ಹಳೇ ಕಾನೂನು. ಆದ್ರೆ ಆಗೆಲ್ಲ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಮೂರು ಸಲ ಬಂದು, ಮನಸ್ಸು ಬದಲಾಗಿಲ್ಲ ಅಂತ ಜಡ್ಜ್ ಮುಂದೆ ಹೇಳ್ಬೇಕಿತ್ತು. ಒಂದು ಸಲ ತಪ್ಪಿದ್ರೂ ಎಲ್ಲಾ ನೀರುಪಾಲು.

"ಅರವತ್ತೊಂದಕ್ಕೆ ಡೈವೋರ್ಸಂತೆ! ಹಲ್ಲು ಕಟ್ಟಿಸ್ಕೊಳ್ಳೋ ವಯಸ್ಸು ಕಣೇ ಇದು" ಅಂದ್ಲು ನಾದಿನಿ ಸುಲ್ಮಾ.

"ಅದಕ್ಕೇ ಕಣೇ, ಕಟ್ಟಿಸಿದ ಹಲ್ಲಾದ್ರೂ ನನಗಿಷ್ಟ ಬಂದಿದ್ದು ಅಗೀಲಿ."

ಅವಳು ಕೋರ್ಟಿಗೆ ಹೋದ ಮೊದಲ ಸಲ ವಿಲ್ಮಾರ್ ಮೀಸೇಲೇ ನಕ್ಕ. ಎರಡನೇ ಸಲ ನಗ್ಲಿಲ್ಲ. ಅವಳಿಗೂ ಸುಲಭ ಇರ್ಲಿಲ್ಲ. ಹೊಸ ಕೋಣೇಲಿ ಮೊದಲ ಬೆಳಿಗ್ಗೆ ಕಹಿ ಕುಡಿದು, ಎರಡನೇದನ್ನ ಹುಯ್ದು, ಖಾಲಿ ಕುರ್ಚಿ ಕಡೆ ಚಾಚಿಬಿಟ್ಟಿದ್ಲಂತೆ, ಆಮೇಲೆ ನನ್ಹತ್ರ ಹೇಳಿದ್ಲು. "ಕೈ ಅಲ್ಲೇ ನಿಂತೋಯ್ತು ಕಣೇ. ವಾಪಸ್ ಹೋಗ್ಬಿಡ್ಲಾ ಅನ್ನಿಸ್ತು. ಆಮೇಲೆ ನಾನೇ ಕುಡಿದೆ. ಮೂರನೇದನ್ನೂ ಕುಡಿದೆ. ಏನ್ ರುಚಿ ಅಂತೀಯ!"

ಮೂರನೇ ಸಲ ಕೋರ್ಟಿನ ಪಡಸಾಲೇಲಿ ವಿಲ್ಮಾರ್ ಮೊದಲೇ ಬಂದು ಕೂತಿದ್ದ. ಇಸ್ತ್ರಿ ಶರ್ಟು, ಎರಡೂ ಕೈಯಲ್ಲಿ, ಪಕ್ಕದ ಮನೆಯೋರ ಮಗು ಎತ್ಕೊಂಡ ಹಾಗೆ, ಹೊಸ ಫ್ಲಾಸ್ಕು. ನೆಲ್ಬಾ ಬಂದಿದ್ದೇ, ಪಕ್ಕದಲ್ಲಿಟ್ಟಿದ್ದ ಬುರುಡೆಗೆ ಪುಡಿಯೆಲ್ಲ ತೇಲೋ ಹಾಗೆ ನೀರು ಸುರಿದು, ಅವಳ ಮುಂದೆ ಹಿಡಿದ.

"ತಗೋ ಮುದುಕಿ. ನಾನೇ ಮಾಡಿದ್ದು."

ಬೆಂಚಿನ ಮೇಲಿದ್ದೋರೆಲ್ಲ ಕತ್ತು ಚಾಚಿ ನೋಡಿದ್ರು. ಮೊದಲನೇದನ್ನ ಕೊಡ್ತಿದಾನಲ್ಲ, ಪುಣ್ಯಾತ್ಮ! ನೆಲ್ಬಾ ಕೈ ಅಭ್ಯಾಸಬಲದಿಂದ ಅರ್ಧ ಮುಂದೆ ಹೋಗಿ ನಿಲ್ತು.

"ಮೊದಲನೇದು ಹುಯ್ದೋರದು ವಿಲ್ಮಾರ್. ಕುಡಿ."

ಹೀರಿದ. ಮುಖ ಕಿವುಚ್ಕೊಂಡ, ಮೀಸೆಗೆ ಸೊಪ್ಪು ಅಂಟ್ತು. "ಥೂ! ಇದನ್ನ ನೀನು…"

"ದಿನಾ. ಬೆಳಿಗ್ಗೆ, ಸಂಜೆ."

ವಿಲ್ಮಾರ್ ಮೀಸೆ ಒರೆಸ್ಕೊಂಡ. "ಒಂದ್ಸಲ ಹೇಳ್ಬಾರ್ದಿತ್ತಾ?"

"ಒಂದ್ಸಲ ಕೇಳ್ಬಾರ್ದಿತ್ತಾ?"

ಒಳಗಿಂದ ಅವಳ ಹೆಸರು ಕೂಗಿದ್ರು. ವಿಲ್ಮಾರ್ ಎರಡನೇದನ್ನ ಹುಯ್ದು ಕೊಟ್ಟ. ಅವಳು ನಿಂತಲ್ಲೇ ಪೂರ್ತಿ ಹೀರಿ, ಬುರುಡೆ ವಾಪಸ್ ಕೊಟ್ಲು. "ನೀರು ಜಾಸ್ತಿ ಕುದ್ದಿದೆ. ಕಲೀತೀಯ ಬಿಡು." ಬಾಗಿಲಲ್ಲಿ ಗುಂಪು ಕಟ್ಟಿದ್ದ ವಕೀಲರಿಗೆ "ಒಂದ್ಹೆಜ್ಜೆ ಒಳಗೆ ಸರೀರಪ್ಪಾ" ಅಂತ ದಾರಿ ಬಿಡಿಸ್ಕೊಂಡು ಹೋದ್ಲು. ಬಸ್ಸಲ್ಲಿ ಪಳಗಿದ ಗಂಟಲು. "ಇಲ್ಲ ಸ್ವಾಮಿ, ಅದೇ ಮನಸ್ಸು" ಅಂದಿದ್ದು ಪಡಸಾಲೆಗೆಲ್ಲ ಕೇಳಿಸ್ತು.

ಇಂಥ ಹೆಂಗಸರು ಕೋಪಕ್ಕೆ ಎದ್ದು ಹೋಗ್ತಾರೆ ಅಂತ ಜನ ತಿಳ್ಕೊಂಡಿದಾರೆ. ಕೋಪ ಇದ್ದೋರು ಮೂವತ್ತಕ್ಕೇ ಹೋಗಿರ್ತಾರೆ. ಅರವತ್ತು ದಾಟಿ ಹೊರಡೋರು ಜೀವಮಾನವೆಲ್ಲ ನಿಂತ್ಕೊಂಡೇ ಊರಿಗೆಲ್ಲ ಜಾಗ ಮಾಡಿಕೊಟ್ಟು, ಬಸ್ಸು ಖಾಲಿಯಾಗ್ತಾ ಬಂದಾಗ ಕಿಟಕಿ ಪಕ್ಕದ ಸೀಟು ನೋಡಿ, ಯಾರನ್ನೂ ಕೇಳದೆ, ಕಾಲು ಚಾಚಿ ಕೂತ್ಕೊಳ್ಳೋ ಜಾತಿ.