ಬಾಯಿ ತುಂಬ ನೀರು

"ಥೂ, ಹಲ್ಕಾ ಮುಂಡೇದೇ! ಸಾಹೇಬರ ಅಂಗಿ ಮೇಲೆ ಎಂಜಲು ಉಗೀತೀಯಾ?"

ಜೈಲಿನ ವಾರ್ಡರಮ್ಮ ಬಾಗಿಲಲ್ಲಿ ನಿಂತು ಕೂಗಿದಾಗ ಇಸ್ತ್ರಿಯಕ್ಕನ ಬಾಯಿ ತುಂಬ ನೀರಿತ್ತು. ಉತ್ತರ ಕೊಡುವಂತಿರಲಿಲ್ಲ. ತಾಳು ಎಂಬಂತೆ ಒಂದು ಬೆರಳೆತ್ತಿದಳು, ಕೆನ್ನೆ ಬಿಗಿದಳು, ಪುಸ್ಸೆಂದು ಊದಿದಳು. ಮಂಜಿನಂತೆ ಸಣ್ಣಗೆ ಹರಡಿದ ಹನಿ ಅಂಗಿಯ ಬೆನ್ನಿನ ಮೇಲೆ ಸಮನಾಗಿ ಕೂತಿತು. ಅದರ ಮೇಲೆ ಕೆಂಡ ತುಂಬಿದ ಪೆಟ್ಟಿಗೆಯನ್ನು ಒಂದೇ ಎಳೆತಕ್ಕೆ ಎಳೆದು, ಬಾಯಿ ಒರೆಸಿಕೊಂಡು, "ಏನಂದ್ರಿ ಅಮ್ಮಾ?" ಎಂದಳು.

"ಏನಂದೆನಾ? ಕೈಲಿ ಚಿಮುಕಿಸು. ಇನ್ನೊಂದ್ಸಲ ಬಾಯಿ ಹಾಕಿದ್ರೆ ಹಲ್ಲು ಉದುರಿಸ್ತೀನಿ."

"ಕೈಲಿ ಹಾಕಿದ್ರೆ ದಪ್ಪ ಹನಿ ಬೀಳ್ತವೆ. ಕಾಲರ್ ಸುಕ್ಕು ಹೋಗಲ್ಲ."

"ಹೋಗದಿದ್ರೆ ಇರ್ಲಿ. ನಿನ್ನ ಎಂಜಲಿಗಿಂತ ಸುಕ್ಕೇ ವಾಸಿ."

ಇಸ್ತ್ರಿಯಕ್ಕ ಕೈಯಲ್ಲೇ ಚಿಮುಕಿಸಿದಳು. ಸುಕ್ಕು ಹೋಗಲಿಲ್ಲ.

ಹೊರಗಿದ್ದಾಗಲೂ ಅವಳದು ಇದೇ ಕೆಲಸ. ಲಾಂಡ್ರಿಯ ಮಾಲೀಕನನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಹೊಡೆದು ಕೊಂದು ಒಳಗೆ ಬಂದವಳ ಕೈಗೆ ಜೈಲಿನವರು ಮತ್ತೆ ಇಸ್ತ್ರಿಪೆಟ್ಟಿಗೆಯನ್ನೇ ಕೊಟ್ಟಿದ್ದರು. ಏನು ಧೈರ್ಯವಪ್ಪಾ ಇವರದು ಎಂದು ಬ್ಯಾರಕ್ಕಿನ ಹೆಂಗಸರು ಇವತ್ತಿಗೂ ಬಿದ್ದು ಬಿದ್ದು ನಗುತ್ತಿದ್ದರು.

ಜೈಲಿನ ದೊಡ್ಡ ಸಾಹೇಬರ ಅಂಗಿಗೆ ಅವತ್ತು ಅಷ್ಟು ಉಪಚಾರ ನಡೆದಿದ್ದು ಸಂದರ್ಶನಕ್ಕಾಗಿ. ಕೊಲೆ ಮಾಡಿದವರ ಕತೆಯನ್ನು ಅವರ ಬಾಯಿಂದಲೇ ಕೇಳಿ, ರೆಕಾರ್ಡ್ ಮಾಡಿಕೊಂಡು ಊರಿಗೆಲ್ಲ ಕೇಳಿಸಲು ಒಬ್ಬ ಮೇಡಂ ಬರುವವರಿದ್ದರು. ಸಾಹೇಬರು ಇಸ್ತ್ರಿಯಕ್ಕನಿಗೆ ಮೊದಲೇ ಹೇಳಿಟ್ಟಿದ್ದರು: ಅವರೆದುರು ಸರಿಯಾಗಿ ಪಶ್ಚಾತ್ತಾಪ ಪಟ್ಟರೆ ಸನ್ನಡತೆಯ ಮೇಲೆ ಬಿಡಲು ನಾನೇ ಬರೆಯುತ್ತೇನೆ. ಹೊರಗೆ ಮಗಳಿಗೆ ದಿನ ತುಂಬುತ್ತಿತ್ತು. ಅವಳ ಬಲಗೈ ಬೆರಳು ಮಡಚುವುದಿಲ್ಲ. ಹುಟ್ಟುವ ಕೂಸನ್ನು ಎತ್ತಿಕೊಳ್ಳಲು ಆ ಮನೆಗೆ ಇನ್ನೊಂದು ಕೈ ಬೇಕಿತ್ತು.

"ಮೊದಲು ತಲೆ ತಗ್ಗಿಸು," ಎಂದು ಅತ್ತೆ ಪಾಠ ಶುರುಮಾಡಿದಳು. ಸ್ವಂತ ಅತ್ತೆಗೆ ವಿಷ ಹಾಕಿ ಬಂದವಳು ಇವಳು. ಈಗ ಬ್ಯಾರಕ್ಕಿನವರೆಲ್ಲ ಇವಳನ್ನೇ ಅತ್ತೆ ಎನ್ನುತ್ತಿದ್ದರು, ಇವಳೂ ಗತ್ತಿನಿಂದ ಓಗೊಡುತ್ತಿದ್ದಳು. "ಆಮೇಲೆ ಸೆರಗು. ಸೆರಗು ಕಣ್ಣಿಗೆ ಮುಟ್ಟಿದ ಮೇಲೇನೇ ತಪ್ಪಾಯ್ತು ಅನ್ನಬೇಕು. ಅದಕ್ಕಿಂತ ಮುಂಚೆ ಅಂದ್ರೆ ಯಾರೂ ನಂಬಲ್ಲ."

"ಅಳು ಬರದಿದ್ರೆ?"

"ನಿನ್ನ ಮೂತಿ ನೋಡಿ ಅವರೇ ಅಳ್ತಾರೆ ಬಿಡೇ."

"ಬಂದವರೆದುರಿಗೆಲ್ಲ ಇಷ್ಟು ಚೆನ್ನಾಗಿ ಅತ್ತಿದೀಯ. ನಿನ್ನ ಯಾಕತ್ತೆ ಬಿಟ್ಟಿಲ್ಲ?"

"ಚೆನ್ನಾಗಿ ಅಳ್ತೀನಲ್ಲ, ಅದಕ್ಕೇ ಇಟ್ಕೊಂಡಿದಾರೆ. ನಾ ಹೋದ್ರೆ ಬಂದವರಿಗೆ ಯಾರನ್ನ ತೋರಿಸ್ತಾರೆ?"

ಸಾಹೇಬರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಮೇಡಂ ಸಣ್ಣ ವಯಸ್ಸಿನವರು. ರೆಕಾರ್ಡರನ್ನು ಮೇಜಿನ ಮೇಲೆ ಇಟ್ಟು, ತೆಗೆದು, ಮತ್ತೆ ಇಟ್ಟರು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ ಇಸ್ತ್ರಿಯಕ್ಕನಿಗೆ, "ನೀವು ಕುರ್ಚಿ ಮೇಲೆ ಕೂತ್ಕೊಳ್ಳಿ," ಎಂದರು.

"ಬೇಡ ಬಿಡಿ ಮೇಡಂ," ಎಂದರು ಸಾಹೇಬರು. "ಇವರಿಗೆಲ್ಲ ಕುರ್ಚಿ ಒಗ್ಗಲ್ಲ."

ಮೇಡಂ ಮುಖ ಕೆಂಪಗಾಯಿತು. "ಅಕ್ಕಾ, ನಿಮ್ಮ ಆ... ಆ ಘಟನೆ..."

"ಕೊಲೆನಾ?"

"ಹ್ಞಾಂ, ಅದೇ."

"ಅನ್ನಿ ಮೇಡಂ, ನಾಲಿಗೆ ಏನೂ ಸುಡಲ್ಲ," ಎಂದಳು ಇಸ್ತ್ರಿಯಕ್ಕ. ಮೇಡಂ ನಕ್ಕುಬಿಟ್ಟರು. ಸಾಹೇಬರು ನಗಲಿಲ್ಲ.

ಇಸ್ತ್ರಿಯಕ್ಕ ಹೇಳಿದಳು. "ಮಗಳು ನನ್ನ ಪಕ್ಕದ ಮೇಜಲ್ಲೇ ಇಸ್ತ್ರಿ ಹಾಕ್ತಿದ್ಲು. ಅವತ್ತು ಜ್ವರ. ಬಟ್ಟೆ ಗಂಟಿನ ಮೇಲೆ ಚೂರು ಕೂತ್ಲು. ನಮ್ಮಲ್ಲಿ ಕೂರೋ ಹಾಗಿರ್ಲಿಲ್ಲ. ಮಾಲೀಕ ಬಂದ. 'ಏನೇ, ಮೈ ಬಿಸಿಯಾ? ಪೆಟ್ಟಿಗೆಗಿಂತ ಬಿಸಿಯಾ? ನೋಡೇಬಿಡೋಣ ಬಾ' ಅಂತ ಅವಳ ಅಂಗೈ ಮೇಜಿಗೆ ಒತ್ತಿ ಹಿಡ್ಕೊಂಡು, ಪೆಟ್ಟಿಗೆ ತಗೊಂಡ."

"ನೀವು ಕೂಗಲಿಲ್ವಾ?"

"ಬಾಯಲ್ಲಿ ನೀರಿತ್ತು."

ಮೇಡಂಗೆ ಅರ್ಥವಾಗಲಿಲ್ಲ.

"ಬಟ್ಟೆ ಮೇಲೆ ಊದೋಕೆ ತುಂಬ್ಕೊಂಡಿದ್ದೆ. ಎದುರಿಗೆ ಹೋಟೆಲಿನ ಬಿಳಿ ಚಾದರ ಹರಡಿತ್ತು. ಬಾಯಿ ಬಿಟ್ರೆ ಅಷ್ಟೂ ಅದರ ಮೇಲೇ. ಹಾಳಾಗತ್ತಲ್ಲ ಅಂತ ನುಂಗಿದೆ. ಆ ಹೊತ್ತಲ್ಲಿ ಚಾದರದ ಯೋಚನೆ ನೋಡಿ ನಂಗೆ! ನುಂಗಿ ಮುಗಿಸೋಷ್ಟರಲ್ಲಿ ಅವನು ಅವಳ ಕೈ ಮೇಲೆ ಇಟ್ಟಾಗಿತ್ತು."

"ಆಮೇಲೆ?"

"ಆಮೇಲೆ ಕೂಗಿ ಏನು ಮಾಡೋದು? ನನ್ನ ಕೈಲೂ ಒಂದು ಪೆಟ್ಟಿಗೆ ಇತ್ತು."

ಮೇಡಂ ತಮಗೆ ತಂದಿಟ್ಟಿದ್ದ ನೀರಿನ ಲೋಟವನ್ನು ಮೆಲ್ಲಗೆ ಇಸ್ತ್ರಿಯಕ್ಕನ ಮುಂದೆ ಇಟ್ಟರು.

ಸಾಹೇಬರು ಕೆಮ್ಮಿದರು. ಇಸ್ತ್ರಿಯಕ್ಕನಿಗೆ ಪಾಠ ನೆನಪಾಯಿತು. ತಲೆ ತಗ್ಗಿಸಿದಳು. ಸೆರಗನ್ನು ಕಣ್ಣಿಗೆ ಒತ್ತಿದಳು. "ತಪ್ಪಾಯ್ತು ಸಾರ್." ಅಳುವೂ ಒಂದಿಷ್ಟು ಬಂದೇ ಬಂತು. ಅತ್ತೆ ನೋಡಿದ್ದರೆ ಬೆನ್ನು ತಟ್ಟುತ್ತಿದ್ದಳು.

ಸಾಹೇಬರಿಗೆ ಖುಷಿಯಾಯಿತು. ಖುಷಿ ಸ್ವಲ್ಪ ಹೆಚ್ಚೇ ಆಯಿತು. "ಇಷ್ಟಕ್ಕೇ ಮುಗೀತಾ? ಮಾಲೀಕರು ಅನ್ನ ಹಾಕಿದ ದೇವರು ಅನ್ನು. ಮಗಳು ಜ್ವರ ಅಂತ ಕಳ್ಳಾಟ ಆಡಿ ಕೂತಿದ್ಲು, ಎಲ್ಲಾ ಆ ಸೋಮಾರಿ ಮುಂಡೇದ್ರಿಂದ ಆಗಿದ್ದು ಅನ್ನು. ಜನಕ್ಕೆ ನೀತಿ ಗೊತ್ತಾಗ್ಬೇಕು."

ಇಸ್ತ್ರಿಯಕ್ಕ ಸೆರಗು ಇಳಿಸಿ ಮೇಡಂ ಕಡೆ ನೋಡಿದಳು. "ಇದನ್ನ ನನ್ನ ಮಗಳೂ ಕೇಳ್ತಾಳಾ?"

ಮೇಡಂ ಸಾಹೇಬರನ್ನು ನೋಡಿದರು, ರೆಕಾರ್ಡರನ್ನು ನೋಡಿದರು. "ಎಲ್ಲರೂ ಕೇಳ್ತಾರೆ ಅಕ್ಕಾ," ಎಂದರು.

ಇಸ್ತ್ರಿಯಕ್ಕ ಲೋಟ ಎತ್ತಿಕೊಂಡಳು.

"ಕುಡಿ, ಕುಡಿ. ಗಂಟಲು ಸರಿ ಮಾಡ್ಕೊಂಡು ಹೇಳು," ಎಂದು ಸಾಹೇಬರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಅವರ ಕಾಲರು ಅವಳ ಮುಖದ ಹತ್ತಿರಕ್ಕೇ ಬಂತು. ಬೆಳಗಿನ ಸುಕ್ಕು ಅಲ್ಲೇ, ಕಿವಿಯ ಕೆಳಗೆ, ಹಾಯಾಗಿ ಮಲಗಿತ್ತು.

ಬಾಯಿ ತುಂಬಿತು. ನುಂಗಿ ಎರಡು ಮಾತು ಆಡಿದರೆ ಗೇಟು ತೆರೆಯುತ್ತಿತ್ತು. ಆಚೆ ಹುಟ್ಟಲಿರುವ ಕೂಸಿತ್ತು. ಆ ಮಡಚದ ಕೈಯೂ ಇತ್ತು.

"ಹ್ಞೂಂ, ನುಂಗು ಬೇಗ," ಎಂದರು ಸಾಹೇಬರು. "ಏನು, ಬಾಯಲ್ಲೇ ಇಟ್ಕೊಂಡು ಕೂತಿದೀಯಾ?"

ಇಸ್ತ್ರಿಯಕ್ಕ ಎದ್ದು ನಿಂತಳು. ತಾಳಿ ಎಂಬಂತೆ ಒಂದು ಬೆರಳೆತ್ತಿದಳು. ಕೆನ್ನೆ ಬಿಗಿದಳು.

ಪುಸ್ಸ್.

ಒಂದು ಹನಿಯೂ ದಪ್ಪಗೆ ಬೀಳಲಿಲ್ಲ. ಕಾಲರು, ಭುಜ, ಭುಜದ ಮೇಲಿನ ಪಟ್ಟಿ, ಎದೆಯ ಜೇಬು, ಎಲ್ಲದರ ಮೇಲೂ ಸಮನಾಗಿ ಕೂತಿತು. ಸಾಹೇಬರ ಬಾಯಿ ತೆರೆದೇ ಇತ್ತು. ರೆಕಾರ್ಡರಿನ ಕೆಂಪು ದೀಪವೂ ಉರಿಯುತ್ತಲೇ ಇತ್ತು. ಹೊರಗಿನಿಂದ ವಾರ್ಡರಮ್ಮನ ಬೂಟುಗಳು ಓಡಿ ಬರುತ್ತಿದ್ದವು.

ಇಸ್ತ್ರಿಯಕ್ಕ ಬಾಯಿ ಒರೆಸಿಕೊಂಡು ಎರಡೂ ಕೈ ಚಾಚಿದಳು.

"ಬಿಚ್ಚಿ ಕೊಡಿ ಸಾರ್. ಈಗ ಸುಕ್ಕು ಹೋಗತ್ತೆ."